ನೆತ್ತಿಯ ಮೇಲಿನ ಕ್ಯಾರಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಕಡೆಯ ನಮ್ಮ ಮನೆಗೆ ಬರುವ ದಾರಿಯಲ್ಲಿ ಕೊನೆಯ ನಾಲ್ಕು ಕಿಲೋಮೀಟರಿಗೆ ಡಾಂಬರಿಲ್ಲ. ಕಾಫಿ ತೋಟಗಳ ನಡುವಿನ ಕೆಮ್ಮಣ್ಣಿನ ದಾರಿ, ಎರಡು ಹಳ್ಳ, ಒಂದು ಕಡಿದಾದ ಏರು. ಹದಿನಾಲ್ಕು ವರ್ಷಗಳಿಂದ ಬೊಲೆರೊ ಓಡಿಸುತ್ತಿದ್ದೇನೆ, ಈಗ ಜೊತೆಗೊಂದು ಜಿಮ್ನಿ ಬಂದಿದೆ. ಎರಡರ ಛಾವಣಿಯ ಮೇಲೂ ಸಾಮಾನು ಹೊರುವ ಕ್ಯಾರಿಯರ್ ಇದೆ. ಗಾಡಿ ನಿಲ್ಲಿಸಿದಲ್ಲಿ ಯಾರಾದರೂ ಬಂದು ಕ್ಯಾರಿಯರಿನ ಕಂಬಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ, ಆಮೇಲೆ ಪ್ರಶ್ನೆ ಶುರುವಾಗುತ್ತದೆ. ಗ್ಯಾರೇಜಿನಲ್ಲಿ, ಮದುವೆ ಮನೆಯ ಅಂಗಳದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಹಾಕಿಸುವ ಮೊದಲು

ಅಣ್ಣ, ನನಗೆ ಕ್ಯಾರಿಯರ್ ನಿಜವಾಗಿಯೂ ಬೇಕೇ?

ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸಾಮಾನು ಗಾಡಿಯೊಳಗೆ ಹಿಡಿಸದೆ ಉಳಿಯಿತು, ನೆನಪಿಸಿಕೊಳ್ಳಿ. ಎರಡು ಮೂರು ಸಲ ಎಂದಾದರೆ ಬೇಡ. ಆ ಎರಡು ಸಲಕ್ಕೆ ಬಾಡಿಗೆಯ ಪಿಕಪ್ ಸಾಕು. ಏಣಿ, ಸ್ಪ್ರಿಂಕ್ಲರ್ ಪೈಪು, ದೋಟಿ, ಟೆಂಟು, ಹಾಸಿಗೆ ಚೀಲ ಇಂಥವನ್ನು ತಿಂಗಳಿಗೆರಡು ಬಾರಿಯಾದರೂ ಸಾಗಿಸುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಕ್ಯಾರಿಯರ್ ಇರುವುದು ಉದ್ದವಾದ ಅಥವಾ ಗಾತ್ರ ದೊಡ್ಡದಾಗಿ ತೂಕ ಕಡಿಮೆ ಇರುವ ವಸ್ತುಗಳಿಗೆ. ಭಾರದ ವಸ್ತುವಿಗೆ ಗಾಡಿಯ ನೆಲವೇ ಜಾಗ. ಈ ಮಾತನ್ನು ಮುಂದೆ ಬೇರೆ ಬೇರೆ ಕಾರಣಕ್ಕೆ ಮತ್ತೆ ಹೇಳುತ್ತೇನೆ, ಏಕೆಂದರೆ ನಾನು ಕಂಡ ಹೆಚ್ಚಿನ ತೊಂದರೆಗಳೆಲ್ಲ ಇದನ್ನು ಮರೆತದ್ದರಿಂದ ಆದವು.

ಮೇಲೆ ಎಷ್ಟು ಕೆಜಿ ಹೊರಿಸಬಹುದು?

ಉತ್ತರ ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಛಾವಣಿಯ ಗರಿಷ್ಠ ಹೊರೆ ಎಂದು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ ಎನ್ನುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಮಾರುವ ಮೂರು ಬಾಗಿಲಿನ ಜಿಮ್ನಿಗೆ ಕಂಪನಿ ಹೇಳಿದ ಮಿತಿ ಕೇವಲ 30 ಕೆಜಿ. ಅಂಥ ಗಾಡಿಗೆ 28 ಕೆಜಿಯ ಕಬ್ಬಿಣದ ಕ್ಯಾರಿಯರ್ ಕೂರಿಸಿದರೆ ಉಳಿಯುವುದು ಎರಡು ಕೆಜಿ, ಅಂದರೆ ಒಂದು ಟಾರ್ಪಾಲು. ನಿಮ್ಮದು ಐದು ಬಾಗಿಲಿನದಾದರೆ ನಿಮ್ಮದೇ ಕೈಪಿಡಿಯ ಸಂಖ್ಯೆಯನ್ನು ನೋಡಿ, ಇನ್ನೊಬ್ಬರದನ್ನಲ್ಲ.

ಕ್ಯಾರಿಯರ್ ಪೆಟ್ಟಿಗೆಯ ಮೇಲೆ 100 ಕೆಜಿ, 150 ಕೆಜಿ ಎಂದು ಬರೆದಿರುತ್ತದಲ್ಲ, ಅದು ಕ್ಯಾರಿಯರ್ ತಾಳಿಕೊಳ್ಳುವ ತೂಕ. ಛಾವಣಿ ತಾಳಿಕೊಳ್ಳುವುದು ಬೇರೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಅದೂ ಒಳ್ಳೆಯ ರಸ್ತೆಗೆ ಹೇಳಿದ್ದು. ಕಲ್ಲುಮಣ್ಣಿನ ದಾರಿಗೆ ಆ ಸಂಖ್ಯೆಯನ್ನು ಒಂದೂವರೆಯಿಂದ ಭಾಗಿಸಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಎಪ್ಪತ್ತೈದು ಐವತ್ತಾಗುತ್ತದೆ.

ಅಂದಾಜಿನಲ್ಲಿ ಹೋಗಬೇಡಿ, ತೂಗಿ. ನಾನು ಮೊದಲ ಸಲ ಒಂದೊಂದೇ ಸಾಮಾನನ್ನು ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟಾಗ ಗಾಬರಿಯಾಯಿತು. ಇಪ್ಪತ್ತು ಲೀಟರ್ ನೀರಿನ ಕ್ಯಾನು ಇಪ್ಪತ್ತು ಕೆಜಿಗೂ ಮೇಲೆ. ಗಾಡಿ ಎತ್ತುವ ನಾಲ್ಕು ಅಡಿಯ ದೊಡ್ಡ ಫಾರಂ ಜ್ಯಾಕು ಹದಿಮೂರು ಕೆಜಿಯ ಆಸುಪಾಸು. ಒಣಗಿದಾಗ ಹಗುರಾಗಿದ್ದ ಕ್ಯಾನ್ವಾಸ್ ಟಾರ್ಪಾಲು ಮಳೆಯಲ್ಲಿ ನೆನೆದ ಮೇಲೆ ಒಬ್ಬರಿಂದ ಎತ್ತಲಾಗಲಿಲ್ಲ.

ಗಾಡಿ ನಿಂತಾಗ ನಾಲ್ಕು ಜನ ಹತ್ತಿ ನಿಂತರೂ ಏನೂ ಆಗಲಿಲ್ಲ. ಹಾಗಿದ್ದರೆ ಐವತ್ತು ಕೆಜಿಗೆ ಏಕೆ ಹೆದರಬೇಕು?

ನಿಂತ ಗಾಡಿಯಲ್ಲಿ ತೂಕ ನೇರವಾಗಿ ಕೆಳಗೆ ಮಾತ್ರ ಒತ್ತುತ್ತದೆ, ಛಾವಣಿಯನ್ನು ಹಿಡಿದಿರುವ ಕಂಬಗಳು ಅದನ್ನು ಹೊರುತ್ತವೆ. ಓಡುವ ಗಾಡಿಯಲ್ಲಿ ಅದೇ ತೂಕ ಗುಂಡಿಗೆ ಇಳಿದಾಗ ಕುಕ್ಕುತ್ತದೆ, ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದರೆ ಮೇಲಿನ ಐವತ್ತು ಕೆಜಿಯ ಹೊರೆ ಸುಮಾರು ನಲವತ್ತು ಕೆಜಿಯಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಆ ಬಲವನ್ನು ತಡೆಯುವುದು ಕ್ಯಾರಿಯರನ್ನು ಛಾವಣಿಗೆ ಕಚ್ಚಿ ಹಿಡಿಯುವ ನಾಲ್ಕಾರು ಸಣ್ಣ ಕ್ಲಾಂಪುಗಳು ಮತ್ತು ನೀವು ಹಾಕಿದ ಗಂಟು. ಛಾವಣಿಯ ಮೇಲೆ ಮಲಗುವ ಟೆಂಟುಗಳು ಇಬ್ಬರ ತೂಕ ಹೊರುವುದೂ ಇದೇ ಕಾರಣಕ್ಕೆ: ಮಲಗುವಾಗ ಗಾಡಿ ನಿಂತಿರುತ್ತದೆ.

ಕಬ್ಬಿಣದ್ದು ಒಳ್ಳೆಯದೋ, ಅಲ್ಯೂಮಿನಿಯಂನದೋ?

ಛಾವಣಿಯ ಮಿತಿ ಕಡಿಮೆಯಿರುವ ಗಾಡಿಗೆ ಅಲ್ಯೂಮಿನಿಯಂ, ಎರಡನೆಯ ಮಾತಿಲ್ಲ. ಬೊಲೆರೊದಂತಹ ದುಡಿಮೆಯ ಗಾಡಿಗೆ ಕಬ್ಬಿಣವೂ ಆದೀತು. ಬೆಲೆ ಕಡಿಮೆ, ಬಾಗಿದರೆ ಹಳ್ಳಿಯ ಗ್ಯಾರೇಜಿನಲ್ಲೂ ತಟ್ಟಿ ಸರಿ ಮಾಡುತ್ತಾರೆ. ಅಲ್ಯೂಮಿನಿಯಂ ಮುರಿದರೆ ಅದನ್ನು ಬೆಸೆಯುವವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ನನ್ನ ಥಾರ್ ಬಟ್ಟೆ ಟಾಪಿನದು, ಅದಕ್ಕೂ ಹಾಕಿಸಬಹುದೇ?

ಬಟ್ಟೆಯ ಮೇಲೆ ಏನನ್ನೂ ಹೊರಿಸಲಾಗದು. ಹೊರಗಿನಿಂದ ಚೌಕಟ್ಟು ಕಟ್ಟಿ, ಅದರ ಕಾಲುಗಳನ್ನು ಗಾಡಿಯ ಗಟ್ಟಿ ಭಾಗಕ್ಕೆ ಇಳಿಸಿ, ಅದರ ಮೇಲೆ ಕ್ಯಾರಿಯರ್ ಕೂರಿಸುವುದುಂಟು. ಆದರೆ ಆ ಚೌಕಟ್ಟಿನ ತೂಕವೇ ಮೇಲಿನ ಸಾಮಾನಿಗಿಂತ ಹೆಚ್ಚಾಗುತ್ತದೆ. ನಾನಾದರೆ ಹಾಕಿಸುವುದಿಲ್ಲ.

ಸರ್, ಪೊಲೀಸರು ಹಿಡಿಯುತ್ತಾರೆಯೇ? ಆರ್‌ಟಿಒ ಒಪ್ಪಿಗೆ ಬೇಕೇ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮುಂದಿನ ಕ್ರ್ಯಾಶ್ ಗಾರ್ಡುಗಳನ್ನು ತೆಗೆಸಲು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದೂ ಇದೇ ಸೆಕ್ಷನ್ ಹಿಡಿದು. ಹಾಗಾಗಿ ಛಾವಣಿಗೆ ಬೆಸೆದುಬಿಡುವ ಕ್ಯಾರಿಯರ್ ಬೇಡವೇ ಬೇಡ. ನಟ್ಟು ಬಿಚ್ಚಿದರೆ ಇಳಿಯುವಂಥದ್ದು, ಸಾಧ್ಯವಾದರೆ ಗಾಡಿಯ ಕಂಪನಿಯೇ ಬಿಡಿಭಾಗವಾಗಿ ಮಾರುವಂಥದ್ದು ತೆಗೆದುಕೊಳ್ಳಿ, ಬಿಲ್ಲು ಗಾಡಿಯಲ್ಲಿರಲಿ. ಹಾಕಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ವಿಮೆ ನವೀಕರಿಸುವಾಗ ಕ್ಯಾರಿಯರನ್ನು ಹೆಚ್ಚುವರಿ ಬಿಡಿಭಾಗವೆಂದು ನಮೂದಿಸಿ.

ಹೊರೆಯ ವಿಷಯ ಇನ್ನೂ ಕಠಿಣ. ಸಾಮಾನು ಗಾಡಿಯ ಮೈಯಿಂದ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಹದಿನೆಂಟು ಅಡಿಯ ಪೈಪನ್ನು ಜಿಮ್ನಿಯ ಮೇಲೆ ಹಾಕಿಕೊಂಡು ಹೊರಡುವವರು ಇದನ್ನು ನೆನಪಿಡಬೇಕು.

ಜಾತ್ರೆಗೆ ಹೋಗುವಾಗ ಹುಡುಗರನ್ನು ಮೇಲೆ ಕೂರಿಸಿಕೊಳ್ಳಬಹುದೇ?

ಇಲ್ಲ. ಗಾಡಿಯ ನೆತ್ತಿ ಮತ್ತು ಬಾನೆಟ್ಟಿನ ಮೇಲೆ ಪ್ರಯಾಣಿಸುವುದನ್ನು ಕಾಯ್ದೆಯ 123ನೇ ಸೆಕ್ಷನ್ ನಿಷೇಧಿಸುತ್ತದೆ. ಕಾಯ್ದೆ ಇರಲಿ ಬಿಡಲಿ, ನಾನು ಒಬ್ಬ ಮಗುವನ್ನೂ ಮೇಲೆ ಹತ್ತಿಸುವುದಿಲ್ಲ.

## ಕೂರಿಸುವಾಗ

ಛಾವಣಿಗೆ ತೂತು ಕೊರೆಯದೆ ಆಗುವುದಿಲ್ಲವೇ?

ಆಗುತ್ತದೆ, ಹಾಗೆಯೇ ಮಾಡಬೇಕು. ಬೊಲೆರೊ, ಹಳೆಯ ಸುಮೊ, ಜಿಮ್ನಿ ಇವುಗಳ ಛಾವಣಿಯ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ಸಣ್ಣ ಕಾಲುವೆಯಿದೆ, ಗ್ಯಾರೇಜಿನವರು ಗಟರ್ ಎನ್ನುತ್ತಾರೆ. ಕ್ಯಾರಿಯರಿನ ಕಾಲು ಅದರಲ್ಲಿ ಕೂರುತ್ತದೆ, ಕೆಳಗಿನಿಂದ ಕ್ಲಾಂಪು ಕಚ್ಚಿಕೊಳ್ಳುತ್ತದೆ. ಅಂಬಾಸಡರ್ ಕಾಲದಿಂದ ನಮ್ಮ ಊರುಗಳಲ್ಲಿ ಕ್ಯಾರಿಯರ್ ನಿಂತಿರುವುದು ಹೀಗೆಯೇ. ಈಗಿನ ಹಲವು ಗಾಡಿಗಳಲ್ಲಿ ಗಟರ್ ಬದಲು ಉದ್ದನೆಯ ಕಂಬಿಗಳಿವೆ. ಅವು ಹೊರೆ ಹೊರುವವೋ ಬರೀ ಅಲಂಕಾರದವೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಬೆರಳಿನಿಂದ ತಟ್ಟಿದಾಗ ಪ್ಲಾಸ್ಟಿಕ್ಕಿನ ಸದ್ದು ಬಂದರೆ ಅಲ್ಲಿಗೇ ಬಿಡಿ.

ತೂತು ಕೊರೆದರೆ ಎಷ್ಟು ಸೀಲಂಟ್ ಬಳಿದರೂ ಅಲುಗಾಟಕ್ಕೆ ಅದು ಬಿರುಕು ಬಿಡುತ್ತದೆ. ನೀರು ಒಳಗಿನ ಬಟ್ಟೆಗೆ ಇಳಿಯುವುದು ಕಣ್ಣಿಗೆ ಬೀಳುವ ಹೊತ್ತಿಗೆ ತಗಡು ತುಕ್ಕು ಹಿಡಿದಿರುತ್ತದೆ.

ಮನೆಯಲ್ಲೇ ಕೂರಿಸಬಹುದೇ? ಯಾವ ಕ್ರಮದಲ್ಲಿ?

ಇಬ್ಬರಿದ್ದರೆ ಅರ್ಧ ದಿನದ ಕೆಲಸ. ಮೊದಲು ಗಟರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಅದರಲ್ಲಿ ಮಣ್ಣು, ಸಿಲ್ವರ್ ಓಕ್ ಎಲೆಯ ಚೂರು, ಪಾಚಿ ಎಲ್ಲ ತುಂಬಿರುತ್ತದೆ. ಆ ಮಣ್ಣಿನ ಮೇಲೆ ಕಾಲು ಕೂರಿಸಿದರೆ ಪ್ರತಿ ಅಲುಗಾಟಕ್ಕೂ ಅದು ಉಪ್ಪುಕಾಗದದಂತೆ ಬಣ್ಣ ಕೆರೆಯುತ್ತದೆ. ಚೆನ್ನಾಗಿ ಒಣಗಿದ ಮೇಲೆ, ಕಾಲು ಬರುವ ಜಾಗದಲ್ಲಿ ತೆಳ್ಳನೆಯ ರಬ್ಬರು ಇಡಿ. ಹಳೆಯ ಸೈಕಲ್ ಟ್ಯೂಬು ಆಗುತ್ತದೆ. ಆದರೆ ನೀರು ಹರಿಯುವ ದಾರಿ ಮುಚ್ಚದಂತೆ ಕತ್ತರಿಸಿ.

ಕ್ಯಾರಿಯರನ್ನು ಛಾವಣಿಯ ಮೇಲೆ ಎತ್ತುವಾಗ ಹಳೆಯ ಕಂಬಳಿ ಹಾಸಿರಲಿ. ಎಲ್ಲ ಕಾಲುಗಳನ್ನು ಜಾಗದಲ್ಲಿಟ್ಟು, ನಟ್ಟುಗಳನ್ನು ಬರೀ ಬೆರಳಿನಿಂದ ತಿರುಗಿಸಿ ನಿಲ್ಲಿಸಿ. ಆಮೇಲೆ ಮುಂದಿನ ಗಾಜಿನ ಎರಡು ಮೂಲೆಗಳಿಂದ ಮೊದಲ ಅಡ್ಡಕಂಬಿಗೆ ಟೇಪಿನಿಂದ ಅಳೆಯಿರಿ. ಎರಡೂ ಕಡೆ ಒಂದೇ ಅಳತೆ ಬರುವ ತನಕ ಸರಿಸಿ. ಅಳತೆ ಸರಿಯಾದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ಎಡ ಮುಂದಿನದು, ಬಲ ಹಿಂದಿನದು, ಬಲ ಮುಂದಿನದು, ಎಡ ಹಿಂದಿನದು ಎಂದು ಗಾಲಿಯ ನಟ್ಟಿನಂತೆ ಅಡ್ಡಡ್ಡ ಹೋಗಿ, ಒಂದೊಂದು ಸುತ್ತು. ಒಂದು ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕ್ಯಾರಿಯರ್ ತಿರುಚಿಕೊಂಡು ಕೂರುತ್ತದೆ.

ಕೊನೆಗೆ ಎಲ್ಲ ಬಾಗಿಲುಗಳನ್ನೂ ಹಿಂಬಾಗಿಲನ್ನೂ ಪೂರ್ತಿ ತೆರೆದು ನೋಡಿ. ಕ್ಲಾಂಪಿನ ಬೋಲ್ಟು ಬಾಗಿಲಿನ ರಬ್ಬರಿಗೆ ತಾಗಿದರೆ ಮೊದಲ ಮಳೆಯಲ್ಲೇ ಸೀಟು ನೆನೆಯುತ್ತದೆ.

ನಟ್ಟು ಎಷ್ಟು ಬಿಗಿ ಮಾಡಬೇಕು?

ಕ್ಯಾರಿಯರ್ ಜೊತೆಗೆ ಬಂದ ಹಾಳೆಯಲ್ಲಿ ನ್ಯೂಟನ್ ಮೀಟರಿನಲ್ಲಿ (ತಿರುಗಿಸುವ ಬಲದ ಅಳತೆ) ಬರೆದಿರುವಷ್ಟು, ಒಂದು ಕೂದಲೂ ಹೆಚ್ಚಲ್ಲ. 8 ಮಿಲಿಮೀಟರ್ ಬೋಲ್ಟು ಇಪ್ಪತ್ತೈದು ನ್ಯೂಟನ್ ಮೀಟರ್ ತಡೆದೀತು, ಆದರೆ ಅದು ಕಚ್ಚಿಕೊಂಡಿರುವ ಗಟರಿನ ತಗಡು ತಡೆಯಬೇಕಲ್ಲ! ಅಳತೆ ತೋರಿಸುವ ಟಾರ್ಕ್ ವ್ರೆಂಚ್ ಒಮ್ಮೆ ಗ್ಯಾರೇಜಿನಿಂದ ಕಡ ತನ್ನಿ. ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಂತೆ ಕಂಡರೆ ನಟ್ಟು ತಿರುಗಿದೆ ಎಂದರ್ಥ. ಮೊದಲ ಐವತ್ತು ಕಿಲೋಮೀಟರಿಗೆ ಒಮ್ಮೆ, ಆಮೇಲೆ ನೂರಕ್ಕೆ, ಅನಂತರ ಪ್ರತಿ ದೂರದ ಪ್ರಯಾಣದ ಹಿಂದಿನ ಸಂಜೆ ನಾನು ಆ ಗೆರೆಗಳನ್ನು ನೋಡುತ್ತೇನೆ. ಎರಡು ನಿಮಿಷ ಸಾಕು.

ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ಟು ಹಾಕುವಾಗ ಒಂದು ತೊಟ್ಟು ಗ್ರೀಸು ಹಚ್ಚಿ, ಇಲ್ಲದಿದ್ದರೆ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ಬಿಚ್ಚಲು ಬಾರದಂತಾಗುತ್ತವೆ. ಗ್ರೀಸು ಹಚ್ಚಿದಾಗ ಅಷ್ಟೇ ಬಲದಿಂದ ತಿರುಗಿಸಿದರೂ ಬಿಗಿ ಹೆಚ್ಚು ಬೀಳುತ್ತದೆ, ಕೈ ಸ್ವಲ್ಪ ಹಗುರವಿರಲಿ.

ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದುಡ್ಡಿಗೆ ಮಾಡಿಕೊಡುತ್ತಾರೆ. ಮಾಡಿಸಲೇ?

ನನ್ನ ಮೊದಲ ಕ್ಯಾರಿಯರ್ ಅಂಥದ್ದೇ. ಚೌಕ ಪೈಪಿನದು, ನೋಡಲು ಭದ್ರ, ತೂಗಿದಾಗ 46 ಕೆಜಿ. ಎರಡು ಮಳೆಗಾಲ ಏನೂ ತಿಳಿಯಲಿಲ್ಲ. ಮೂರನೆಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಿಳಿ ಬೊಲೆರೊದ ಬಾಗಿಲಿನ ಮೇಲೆ ಮುಂದಿನ ಕಾಲಿನಿಂದ ಕೆಳಕ್ಕೆ ಕೆಂಪು ನೀರಿನ ಗೆರೆ ಇಳಿದಿತ್ತು. ಬಟ್ಟೆಯಿಂದ ಒರೆಸಿದೆ, ಮರುದಿನ ಮತ್ತೆ ಬಂತು. ಚಾರ್ಮಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೆ ಮೇಲಿನಿಂದ ಟಕ್ ಎನ್ನುವ ಒಂದು ಸದ್ದು. ಗಾಡಿ ನಿಲ್ಲಿಸಿ ಕಾಲನ್ನು ಕೈಯಿಂದ ಒತ್ತಿದರೆ ಬೆಸುಗೆಯ ಬುಡದಲ್ಲಿ ಕೂದಲಿನಷ್ಟು ಸಂದು ಬಾಯಿ ತೆರೆದು ಮುಚ್ಚುತ್ತಿತ್ತು. ಪೈಪಿನ ತುದಿಗಳನ್ನು ಮುಚ್ಚಿರಲಿಲ್ಲ. ನೀರು ಒಳಗೇ ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಕಬ್ಬಿಣವನ್ನು ತಿಂದಿತ್ತು.

ಆದರೂ ಮಾಡಿಸಬೇಡಿ ಎನ್ನುವುದಿಲ್ಲ, ಕೇಳಿ ಮಾಡಿಸಿ. ಪೈಪಿನ ಬಾಯಿಗೆ ಮುಚ್ಚಳ ಬೆಸೆಯಲಿ. ತಗ್ಗಿನ ಜಾಗದಲ್ಲಿ ನೀರಿಳಿಯಲು ಸಣ್ಣ ತೂತು ಇರಲಿ. ಕಾಲು ಮತ್ತು ಚೌಕಟ್ಟು ಸೇರುವಲ್ಲಿ ತ್ರಿಕೋನದ ತಗಡು ಕೊಡಲಿ, ಏಕೆಂದರೆ ಅಲುಗಾಟಕ್ಕೆ ಮೊದಲು ಬಿರಿಯುವುದು ಆ ಮೂಲೆ. ಬಣ್ಣಕ್ಕೆ ಮೊದಲು ತುಕ್ಕು ತಡೆಯುವ ಪ್ರೈಮರ್ ಬೀಳಲಿ. ಮುಗಿದ ಮೇಲೆ ತೂಗಿಯೇ ಮನೆಗೆ ತನ್ನಿ.

## ದಿನದ ಬಳಕೆಯಲ್ಲಿ

ಅರವತ್ತು ದಾಟಿದರೆ ಮೇಲಿನಿಂದ ಶಿಳ್ಳೆ ಹೊಡೆದಂತೆ ಸದ್ದು. ಏನು ಮಾಡಲಿ?

ಗಾಳಿ ಕಂಬಿಯನ್ನು ದಾಟುವಾಗ ಅದರ ಹಿಂದೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸುಳಿಗಳು ಕಳಚಿಕೊಳ್ಳುತ್ತವೆ. ಕಂಬಿಯ ಉದ್ದಕ್ಕೂ ಅವು ಒಟ್ಟಿಗೇ ಕಳಚಿದಾಗ ಶಿಳ್ಳೆ ಕೇಳುತ್ತದೆ. ಮುಂದಿನ ಅಡ್ಡಕಂಬಿಗೆ ಬೆರಳು ದಪ್ಪದ ಹಗ್ಗವನ್ನು ಬಳ್ಳಿ ಕಂಬಕ್ಕೆ ಹಬ್ಬಿದಂತೆ ಸುತ್ತಿ, ನಾಲ್ಕೈದು ಇಂಚಿಗೊಂದು ಸುತ್ತು. ಸುಳಿಗಳು ಬೇರೆ ಬೇರೆ ಹೊತ್ತಿಗೆ ಕಳಚಿ ಸದ್ದು ಒಡೆಯುತ್ತದೆ. ಎತ್ತರದ ಕಾರ್ಖಾನೆ ಚಿಮಣಿಗಳ ಮೇಲ್ತುದಿಗೆ ಸುರುಳಿ ಪಟ್ಟಿ ಸುತ್ತಿರುವುದು ಇದೇ ತತ್ವದಿಂದ. ಇಷ್ಟಕ್ಕೂ ನಿಲ್ಲದಿದ್ದರೆ ಮುಂದೆ ಗಾಳಿ ತಡೆಯುವ ಪಟ್ಟಿ ಹಾಕಿಸಿ. ಬರೀ ಸಾಮಾನು ಕಟ್ಟಿದ ಬೆಲ್ಟು ಗುಂಯ್‌ಗುಟ್ಟುತ್ತಿದ್ದರೆ ಅದಕ್ಕೆ ಒಂದು ತಿರುವು ಕೊಟ್ಟು ಕಟ್ಟಿ.

ಮೈಲೇಜು ಎಷ್ಟು ಬೀಳುತ್ತದೆ?

ಅದು ವೇಗದ ಮೇಲೆ ನಿಂತಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ, ಅಂದರೆ ಐವತ್ತರಲ್ಲಿ ಇದ್ದದ್ದು ನೂರರಲ್ಲಿ ನಾಲ್ಕು ಪಟ್ಟು. ತೋಟದ ದಾರಿಯಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೋಗುವಾಗ ನನ್ನ ಬೊಲೆರೊ ಲೀಟರಿಗೆ ಒಂದರಿಂದ ಒಂದೂವರೆ ಕಿಲೋಮೀಟರ್ ಕಡಿಮೆ ಕೊಡುತ್ತದೆ. ಎಂಬತ್ತಕ್ಕೆ ಮೀರದೆ ಓಡಿಸಿದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ.

ಲಗೇಜನ್ನು ಹೇಗೆ ಕಟ್ಟಬೇಕು? ನಾನು ಕಟ್ಟಿದ್ದು ಪ್ರತಿ ಸಲ ಸಡಿಲವಾಗುತ್ತದೆ.

ನಿಮ್ಮ ಹಗ್ಗ ನೈಲಾನಿನದಿರಬೇಕು. ನೈಲಾನು ನೆನೆದರೆ ಹಿಗ್ಗುತ್ತದೆ, ಬೆಳಿಗ್ಗೆ ಬಿಗಿದದ್ದು ಮಧ್ಯಾಹ್ನದ ಮಳೆಗೆ ಜೋತು ಬೀಳುತ್ತದೆ. ಅದರ ಬದಲು ಹಲ್ಲುಚಕ್ರದಿಂದ ಬಿಗಿಯುವ ಪಾಲಿಯೆಸ್ಟರ್ ಬೆಲ್ಟುಗಳನ್ನು ತನ್ನಿ. ನೆನೆದರೂ ಅವು ಹೆಚ್ಚು ಹಿಗ್ಗುವುದಿಲ್ಲ. ಕೊಕ್ಕೆಯಿರುವ ರಬ್ಬರ್ ಪಟ್ಟಿಗಳನ್ನು ಟಾರ್ಪಾಲಿನ ಅಂಚು ಹಿಡಿಯಲು ಬಿಟ್ಟು ಬೇರೆ ಯಾವುದಕ್ಕೂ ನಂಬಬೇಡಿ.

ಜೋಡಿಸುವ ರೀತಿ ಕಟ್ಟುವುದಕ್ಕಿಂತ ಮುಖ್ಯ. ಇದ್ದುದರಲ್ಲಿ ಭಾರದ್ದು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ, ಅಗಲದಲ್ಲೂ ಮಧ್ಯಕ್ಕೆ ಬರಲಿ. ಹಗುರದ್ದು ಅಂಚಿಗೆ ಹೋಗಲಿ. ಪ್ರತಿ ವಸ್ತುವಿಗೂ ಎರಡು ಕಟ್ಟು: ಒಂದು ಕೆಳಕ್ಕೆ ಒತ್ತಿ ಹಿಡಿಯಲು, ಇನ್ನೊಂದು ಮುಂದಕ್ಕೆ ಜಾರದಂತೆ ತಡೆಯಲು. ಮೇಲಿನಿಂದ ಅಡ್ಡಲಾಗಿ ನಾಲ್ಕು ಬೆಲ್ಟು ಹಾಕಿ, ಮುಂದಕ್ಕೆ ತಡೆಯುವ ಒಂದನ್ನೂ ಹಾಕದೆ ಬಿಡುವುದನ್ನು ನಾನು ಬಹಳ ನೋಡಿದ್ದೇನೆ. ಏಣಿಯಂಥ ಉದ್ದದ ವಸ್ತುವಿಗೆ ಮುಂದಿನ ಬಂಪರಿಗೂ ಹಿಂದಿನ ಕೊಕ್ಕೆಗೂ ಒಂದೊಂದು ಹಗ್ಗ ಇಳಿಸಿ.

ಟಾರ್ಪಾಲು ಹೊದಿಸುವಾಗ ಮುಂದಿನ ಅಂಚನ್ನು ಸಾಮಾನಿನ ಅಡಿಗೆ ಮಡಚಿ, ಸಾಮಾನಿನ ತೂಕ ಅದರ ಮೇಲೆ ಕೂರಲಿ. ಗಾಳಿ ನುಗ್ಗುವುದು ಅಲ್ಲಿಂದಲೇ. ಎರಡು ಟಾರ್ಪಾಲು ಸೇರುವಲ್ಲಿ ಹೆಂಚು ಹೊದಿಸಿದಂತೆ ಮುಂದಿನದು ಹಿಂದಿನದರ ಮೇಲೆ ಬರಬೇಕು. ಹೊರಟು ಹತ್ತು ಕಿಲೋಮೀಟರಿಗೆ ನಿಲ್ಲಿಸಿ ಎಲ್ಲ ಬೆಲ್ಟನ್ನೂ ಇನ್ನೊಮ್ಮೆ ಎಳೆಯಿರಿ. ಅಷ್ಟರಲ್ಲಿ ಸಾಮಾನು ಕುಸಿದು ಕೂತಿರುತ್ತದೆ.

ಬೆಂಗಳೂರಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುತ್ತದೆಯೇ?

ಸಾಮಾನು ಸಮೇತ ಎತ್ತರ ಅಳೆದು, ಅದನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ಜಿಮ್ನಿಯ ಎತ್ತರ 1.72 ಮೀಟರ್, ಕ್ಯಾರಿಯರ್ ಸೇರಿದರೂ ಹೆಚ್ಚಿನ ಕಡೆ ನುಸುಳುತ್ತದೆ. ಬೊಲೆರೊ ಅದಕ್ಕಿಂತ ಎತ್ತರ. ಮೇಲೆ ಕ್ಯಾರಿಯರ್ ಬಂದರೆ ಎರಡು ಮೀಟರ್ ದಾಟುತ್ತದೆ. ಪ್ರವೇಶದ ಫಲಕದಲ್ಲಿ 2.1 ಎಂದಿದ್ದರೂ ಇಳಿಜಾರು ಮುಗಿದು ಸಮತಟ್ಟು ಶುರುವಾಗುವಲ್ಲಿ ಗಾಡಿಯ ಹಿಂಭಾಗ ಇನ್ನೂ ಎತ್ತರದಲ್ಲಿರುತ್ತದೆ, ತಾಗುವುದು ಅಲ್ಲಿ.

ಎಷ್ಟು ಬಣ್ಣ ಹೊಡೆದರೂ ತುಕ್ಕು ಬರುತ್ತದಲ್ಲ?

ಆಗುಂಬೆಯ ಸೀಮೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮಲ್ಲೂ ತಿಂಗಳುಗಟ್ಟಲೆ ಕ್ಯಾರಿಯರ್ ಒಣಗುವುದಿಲ್ಲ. ತುಕ್ಕು ಹುಟ್ಟುವುದು ಬಯಲಿನಲ್ಲಿರುವ ಕಂಬಿಯ ಮೇಲಲ್ಲ, ರಬ್ಬರಿನ ಅಡಿಯಲ್ಲಿ ಮತ್ತು ಕ್ಲಾಂಪಿನ ಬಾಯಿಯಲ್ಲಿ. ಮೇ ತಿಂಗಳಲ್ಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಕಾಲುಗಳನ್ನು ಬಿಚ್ಚಿ ಒರೆಸಿ, ಕೆರೆದ ಜಾಗಕ್ಕೆ ಬಣ್ಣ ಮುಟ್ಟಿಸಿ. ಕರಾವಳಿಯವರು ಇನ್ನೂ ಎಚ್ಚರ ವಹಿಸಬೇಕು: ಅಲ್ಯೂಮಿನಿಯಂ ಕಂಬಿಗೆ ಸ್ಟೀಲ್ ಬೋಲ್ಟು ನೇರ ತಾಗಿರುವಲ್ಲಿ ಉಪ್ಪುಗಾಳಿ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ.

ತೋಟದವರಿಗೆ ಮಾತ್ರ ಅನ್ವಯಿಸುವ ಒಂದು ಮಾತಿದೆ. ಬೋರ್ಡೋ ದ್ರಾವಣ ಸಿಂಪಡಿಸುವ ಕಾಲದಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲವನ್ನು ಎಂದೂ ಕ್ಯಾರಿಯರ್ ಮೇಲೆ ತರಬೇಡಿ. ಅದು ನೆನೆದು ತೊಟ್ಟಿಕ್ಕಿದರೆ ತಾಮ್ರ ಬಿಟ್ಟುಕೊಟ್ಟು ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ನೀಲಿ ಹನಿ ಬಿದ್ದಲ್ಲಿ ಬಣ್ಣ ಕಿತ್ತಿದ್ದರೆ ವಾರದೊಳಗೆ ಕಬ್ಬಿಣದ ಮೇಲೆ ತಾಮ್ರದ ಕೆಂಪು ಪೊರೆ ಕಾಣುತ್ತದೆ. ಬಿದ್ದುಬಿಟ್ಟರೆ ಆ ಕ್ಷಣವೇ ಧಾರಾಳ ನೀರು ಹಾಕಿ ತೊಳೆಯಿರಿ.

## ದಾರಿ ಕೆಟ್ಟಾಗ

ಮೇಲೆ ಭಾರ ಹಾಕಿದರೆ ಓರೆಯಲ್ಲಿ ಗಾಡಿ ಪಲ್ಟಿಯಾಗುತ್ತದೆಯೇ?

ಪಲ್ಟಿಯಾಗುವ ಕೋನ ಹತ್ತಿರವಾಗುತ್ತದೆ. ಲೆಕ್ಕಕ್ಕೆ ಒಂದು ಗಾಡಿ ತೆಗೆದುಕೊಳ್ಳೋಣ: ತೂಕ 1,700 ಕೆಜಿ, ಗುರುತ್ವ ಕೇಂದ್ರ ನೆಲದಿಂದ 75 ಸೆಂಟಿಮೀಟರ್, ಎಡ ಬಲ ಗಾಲಿಗಳ ಅಂತರ 145 ಸೆಂಟಿಮೀಟರ್. ಕಾಗದದ ಮೇಲೆ ಇದು 44 ಡಿಗ್ರಿ ಓರೆಯವರೆಗೆ ನಿಲ್ಲುತ್ತದೆ. ಎರಡು ಮೀಟರ್ ಎತ್ತರದಲ್ಲಿ 100 ಕೆಜಿ ಇಟ್ಟರೆ ಕೇಂದ್ರ ಸುಮಾರು ಏಳು ಸೆಂಟಿಮೀಟರ್ ಮೇಲೇರಿ, ಕೋನ 41.5 ಡಿಗ್ರಿಗೆ ಇಳಿಯುತ್ತದೆ. ಎರಡೂವರೆ ಡಿಗ್ರಿ ಏನು ಮಹಾ ಎನಿಸಬಹುದು. ಆದರೆ ನಿಜವಾದ ಗಾಡಿಗೆ ಸ್ಪ್ರಿಂಗು ಇದೆ, ಟೈರು ಇದೆ. ಓರೆಯಾದಾಗ ತಗ್ಗಿನ ಕಡೆಯ ಸ್ಪ್ರಿಂಗು ಕುಗ್ಗಿ ಗಾಡಿಯ ಮೈ ಇನ್ನಷ್ಟು ವಾಲುತ್ತದೆ, ಒಂದು ಗಾಲಿ ಕಲ್ಲು ಹತ್ತಿದರೆ ಒಮ್ಮೆಗೇ ಓಲಾಡುತ್ತದೆ. ಕಾಗದದ 44 ನೆಲದ ಮೇಲೆ ಮೂವತ್ತರ ಆಸುಪಾಸಿಗೇ ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ, ಅಲ್ಲಿ ಎರಡು ಡಿಗ್ರಿ ದೊಡ್ಡ ವಿಷಯ. ಕೊಡಚಾದ್ರಿಯ ಜೀಪು ದಾರಿಯಂಥ ಕಡೆ ಕೊರಕಲು ದಾಟುವ ಮುನ್ನ ಮೇಲಿನ ಭಾರವನ್ನು ಇಳಿಸಿ ಒಳಗಿಡಿ. ಹತ್ತು ನಿಮಿಷ ಹೋದರೆ ಹೋಗಲಿ.

ಲಡಾಖಿಗೆ ಹೋಗುತ್ತಿದ್ದೇವೆ, ಇಂಧನದ ಕ್ಯಾನು ಮೇಲೆ ಕಟ್ಟಬಹುದೇ?

ಮನಾಲಿ ದಾಟಿದ ಮೇಲೆ ತಾಂಡಿಯಲ್ಲಿ ಮುಂದಿನ ಬಂಕು 365 ಕಿಲೋಮೀಟರ್ ಎಂದು ಬರೆದ ಫಲಕ ಹೆಸರಾಗಿದೆ, ಹಾಗಾಗಿ ಈ ಪ್ರಶ್ನೆ ಸಹಜ. ಸೇದುವ, ಅಡುಗೆ ಮಾಡುವ ಜನರಿಂದ ದೂರವಿರುವುದರಿಂದ ಇಂಧನಕ್ಕೆ ಗಾಡಿಯ ಒಳಗಿಗಿಂತ ಹೊರಗು ಒಳ್ಳೆಯದು. ಆದರೆ ಒಂದೇ ಕ್ಯಾನು ಸಾಕು: ಇಪ್ಪತ್ತು ಲೀಟರ್ ಡೀಸೆಲ್ ಲೋಹದ ಕ್ಯಾನಿನ ಸಮೇತ ಇಪ್ಪತ್ತು ಕೆಜಿ ದಾಟುತ್ತದೆ. ಪೆಟ್ರೋಲಿಗೆ ಕಾನೂನು ಸ್ಪಷ್ಟವಾಗಿದೆ. 1934ರ ಪೆಟ್ರೋಲಿಯಂ ಕಾಯ್ದೆಯಂತೆ ಸ್ವಂತ ಬಳಕೆಗೆ ಪರವಾನಗಿ ಇಲ್ಲದೆ ಒಟ್ಟು 30 ಲೀಟರ್ ಮಾತ್ರ, ಅದೂ ಭದ್ರವಾಗಿ ಮುಚ್ಚಿದ, 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ. ಪ್ಲಾಸ್ಟಿಕ್ ಕ್ಯಾನು ಆ ಪಟ್ಟಿಯಲ್ಲಿಲ್ಲ. ಬಿಸಿಲಿಗೂ ಎತ್ತರಕ್ಕೂ ಆವಿ ಹಿಗ್ಗುವುದರಿಂದ ಪೂರ್ತಿ ತುಂಬಬೇಡಿ. ಮುಚ್ಚಳ ತೆರೆಯುವಾಗ ನಿಧಾನವಾಗಿ ತಿರುಗಿಸಿ, ಮುಖ ದೂರವಿರಲಿ. ಗಾಡಿಯ ಟ್ಯಾಂಕಿನಲ್ಲಿ ಜಾಗವಾದ ಕೂಡಲೇ ಸುರಿದುಬಿಡಿ. ಖಾಲಿ ಕ್ಯಾನು ಹೊರುವುದು ಸುಲಭ.

ಸ್ಟೆಪ್ನಿಯನ್ನು ಮೇಲೆ ಹಾಕಿದರೆ ಒಳಗೆ ಜಾಗವಾಗುತ್ತದಲ್ಲ?

ಒಂದು ದೊಡ್ಡ ಗಾಲಿ ಇಪ್ಪತ್ತೈದರಿಂದ ಮೂವತ್ತೈದು ಕೆಜಿ. ಕೆಸರಿನಲ್ಲಿ, ಕತ್ತಲಲ್ಲಿ, ಒಬ್ಬರೇ ಅದನ್ನು ತಲೆಯ ಮೇಲಿನಿಂದ ಇಳಿಸುವುದನ್ನು ಒಮ್ಮೆ ಅಂಗಳದಲ್ಲಿ ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ.

ತೋಟದ ದಾರಿಯಲ್ಲಿ ಕೊಂಬೆಗಳು ಸಿಕ್ಕಿಕೊಳ್ಳುತ್ತವೆ. ಉಪಾಯವಿದೆಯೇ?

ಮುಂದಿನ ಬಂಪರಿನ ಎರಡು ತುದಿಯಿಂದ ಕ್ಯಾರಿಯರಿನ ಮುಂದಿನ ಮೂಲೆಗಳಿಗೆ ತೆಳ್ಳನೆಯ ಸ್ಟೀಲ್ ತಂತಿ ಎಳೆದು ಕಟ್ಟುವುದುಂಟು. ಕೊಂಬೆ ಗಾಜಿಗೆ ಬಡಿಯದೆ ತಂತಿಯ ಮೇಲೆ ಜಾರಿ ಹೋಗುತ್ತದೆ. ಹೆಬ್ಬೆರಳು ದಪ್ಪದ ಕೊಂಬೆಗೆ ಇದು ಸರಿ, ಅದಕ್ಕಿಂತ ದಪ್ಪದ್ದಕ್ಕೆ ಕತ್ತಿಯೇ ಬೇಕು. ಪೇಟೆಗೆ ಹೋಗುವಾಗ ತಂತಿ ಬಿಚ್ಚಿಡಿ, ನಡೆದು ಹೋಗುವವರ ಮೈಗೆ ಅದು ಅಪಾಯ. ಕೊಂಬೆ ಸಿಕ್ಕಿಕೊಂಡರೆ ಮುಂದಕ್ಕೆ ನುಗ್ಗಬೇಡಿ, ಬಂದ ದಾರಿಯಲ್ಲೇ ಒಂದಡಿ ಹಿಂದೆ ಬಂದು ಬಿಡಿಸಿ. ನುಗ್ಗಿದಾಗ ಬಾಗುವುದು ಗಟರು, ಅದನ್ನು ಮತ್ತೆ ನೇರ ಮಾಡುವುದು ಬಹಳ ಕಷ್ಟ.

ಮುಂದೆ ಉದ್ದನೆಯ ಎಲ್‌ಇಡಿ ದೀಪ ಹಾಕಿಸಲೇ?

ಗಾಡಿಯ ಮುಂದೆ ಸರ್ಚ್ ಲೈಟು, ಸ್ಪಾಟ್ ಲೈಟು ಹಾಕುವುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ತಡೆಯುತ್ತದೆ. ಅದಲ್ಲದೆ ನಮ್ಮ ಘಾಟಿಗಳ ಮಂಜಿನಲ್ಲಿ ನೆತ್ತಿಯ ಮೇಲಿನ ಬೆಳಕು ಕಣ್ಣೆದುರೇ ಬಿಳಿ ಗೋಡೆ ಕಟ್ಟುತ್ತದೆ. ಮಂಜಿಗೆ ಬೇಕಾದದ್ದು ತಗ್ಗಿನಲ್ಲಿರುವ ದೀಪ.

ಮಾವ, ಬಳಸದ ತಿಂಗಳಲ್ಲಿ ಬಿಚ್ಚಿಡಬೇಕೇ, ಹಾಗೇ ಇರಲೇ?

ಬಿಚ್ಚಿಡಿ. ಡೀಸೆಲ್ ಉಳಿಯುತ್ತದೆ, ಗಟರು ತೊಳೆಯಲು ಸಿಗುತ್ತದೆ, ರಬ್ಬರು ಸವೆದಿದ್ದರೆ ಗೊತ್ತಾಗುತ್ತದೆ. ಪ್ರತಿ ಕಾಲಿಗೂ ಅದರ ಜಾಗದ ಗುರುತು ಹಾಕಿ: ಎಡ ಒಂದು, ಎಡ ಎರಡು, ಹೀಗೆ. ನಟ್ಟು ಬೋಲ್ಟುಗಳನ್ನು ಆಯಾ ಕಾಲಿಗೇ ತಿರುಗಿಸಿ ಇಡಿ, ಡಬ್ಬಿಯಲ್ಲಿ ಹಾಕಿದರೆ ಒಂದು ವಾಷರ್ ಖಂಡಿತ ಕಳೆದುಹೋಗುತ್ತದೆ. ನಾನು ಕ್ಯಾರಿಯರನ್ನು ಕಾಫಿ ಕಣದ ಮಾಡಿನಲ್ಲಿ ಎರಡು ಹಗ್ಗಕ್ಕೆ ತೂಗುಹಾಕುತ್ತೇನೆ. ಬೇಕಾದಾಗ ಗಾಡಿಯನ್ನು ಅದರ ಅಡಿಗೆ ತಂದು ಹಗ್ಗ ಸಡಿಲಿಸಿದರೆ ನೇರವಾಗಿ ಛಾವಣಿಯ ಮೇಲೆ ಇಳಿಯುತ್ತದೆ, ಎತ್ತಲು ಎರಡನೆಯವರನ್ನು ಕರೆಯಬೇಕಾಗಿಲ್ಲ.